ಕಿಟಕಿ ಮುಚ್ಚುವ ಮೊದಲು: ಮಳೆಗಾಲದ ಜ್ವರ, ಕೆಮ್ಮಿಗೆ ನಮ್ಮ ಉತ್ತರ ಕನ್ನಡದ ಮನೆಯ ತಯಾರಿ

ಮೇ ತಿಂಗಳು ಬಂತೆಂದರೆ ನಮ್ಮ ಅಡುಗೆಮನೆ ಬಾಗಿಲ ಹಿಂದೆ ಒಂದು ಚೀಟಿ ಅಂಟಿಕೊಳ್ಳುತ್ತದೆ. ಕಟ್ಟಿಗೆ ಒಳಗೆ ಹಾಕಬೇಕು. ಹಪ್ಪಳ, ಸಂಡಿಗೆ ಒಣಗಿಸಿ ಡಬ್ಬ ತುಂಬಬೇಕು. ಒಡೆದ ಹಂಚು ಬದಲಿಸಬೇಕು. ಜಗುಲಿಗೆ ಎರಚಲು ಹೊಡೆಯದ ಹಾಗೆ ಪ್ಲಾಸ್ಟಿಕ್ ಕಟ್ಟಬೇಕು. ಕಾರವಾರ ಇರಲಿ, ಕುಮಟಾ ಇರಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಇರಲಿ, ಹೆಚ್ಚು ಕಡಿಮೆ ಎಲ್ಲರ ಮನೆಯಲ್ಲೂ ಇದೇ ಪಟ್ಟಿ. ಎರಡು ವರ್ಷದಿಂದ ನಮ್ಮ ಚೀಟಿಯ ತುದಿಗೆ ಇನ್ನೊಂದು ಸಾಲು ಸೇರಿದೆ: ಫ್ಲೂ ಲಸಿಕೆ.

ಸೇರಿದ್ದು ಸುಮ್ನೆ ಅಲ್ಲ. ಎರಡು ವರ್ಷದ ಹಿಂದೆ ಜುಲೈನಲ್ಲಿ ಆಯಿ (ನನ್ನ ಅಮ್ಮ) ಶಿರಸಿ ಕಡೆಯ ಊರಿನಿಂದ ಘಟ್ಟ ಇಳಿದು ಕುಮಟಾಕ್ಕೆ, ನಮ್ಮ ಮನೆಗೆ ಬಂದಿದ್ದಳು. ಮಗ ಶಾಲೆಯಿಂದ ಸೀನುತ್ತಾ ಬಂದ. ಎರಡು ದಿನಕ್ಕೆ ನನಗೆ ಜ್ವರ, ಮೂರನೇ ದಿನಕ್ಕೆ ಆಯಿಗೆ. ಅವಳಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. “ತಮಾ, ಎಂತೂ ಆಗ್ತಿಲ್ಲೆ, ಬರೀ ಥಂಡಿ” ಅಂದಳು. ನಾನೂ ಹೂಂ ಅಂದೆ. ಔಷಧಿ ಅಂಗಡಿಯೊಂದರಲ್ಲಿ ಕೇಳಿದ್ದಕ್ಕೆ ಐದು ಆಂಟಿಬಯೋಟಿಕ್ ಗುಳಿಗೆ ಕೊಟ್ಟರು. ಅದನ್ನು ನಂಬಿ ಮೂರು ದಿನ ಕಳೆದೆವು. ನಾಲ್ಕನೇ ರಾತ್ರಿ ಅವಳಿಗೆ ಒಂದು ಮಾತು ಪೂರ್ತಿ ಆಡಲು ಉಸಿರು ಸಾಲುತ್ತಿರಲಿಲ್ಲ. ನ್ಯುಮೋನಿಯಾ. ಆಸ್ಪತ್ರೆಯಲ್ಲಿ ಆರು ದಿನ. ಡಾಕ್ಟರ್ ಮೊದಲು ಕೇಳಿದ್ದೇ “ಈ ವರ್ಷ ಫ್ಲೂ ಲಸಿಕೆ ಆಗಿದೆಯಾ?” ಅಂತ. ಮೇ ತಿಂಗಳಲ್ಲಿ ಅದರ ನೆನಪು ಬಂದಿತ್ತು. ಮುಂದಿನ ವಾರ ನೋಡೋಣ ಅಂದುಕೊಂಡಿದ್ದೆ.

ಆಮೇಲೆ ಓದಿ, ಡಾಕ್ಟರನ್ನೂ ಊರಿನ ಆಶಾ ಕಾರ್ಯಕರ್ತೆಯನ್ನೂ ಕಾಡಿ ಬೇಡಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮನೆಯ ಕಾಯಿಲೆ, ಔಷಧಿ ಗೊತ್ತಿರುವ ಡಾಕ್ಟರ ಮಾತೇ ಕೊನೆಯ ಮಾತು.

ಮಳೆಯಲ್ಲ, ಮುಚ್ಚಿದ ಕಿಟಕಿ

ಮಳೆಯಲ್ಲಿ ನೆನೆದರೆ ಥಂಡಿ ಆಗುತ್ತದೆ ಅಂತ ನಾವೆಲ್ಲ ಬೈಸಿಕೊಂಡು ಬೆಳೆದವರು. ಮಳೆ ನೀರಿನಲ್ಲಿ ಫ್ಲೂ ವೈರಸ್ ಇರುವುದಿಲ್ಲ. ಅದು ಇರುವುದು ಇನ್ನೊಬ್ಬರ ಉಸಿರಿನಲ್ಲಿ. ಕೆಮ್ಮಿದಾಗ, ಸೀನಿದಾಗ ಮಾತ್ರ ಅಲ್ಲ, ಮಾತಾಡುವಾಗಲೂ ಸಣ್ಣ ಸಣ್ಣ ಹನಿಗಳು ಹೊರಬರುತ್ತವೆ. ದೊಡ್ಡವು ಹತ್ತಿರದಲ್ಲೇ ಬೀಳುತ್ತವೆ. ತೀರಾ ಸಣ್ಣವು ಒಲೆಯ ಹೊಗೆಯ ಹಾಗೆ ಗಾಳಿಯಲ್ಲೇ ತೇಲುತ್ತವೆ. ಬಾಗಿಲು ತೆರೆದಿದ್ದರೆ ಹೊಗೆ ಹೋಗುತ್ತದೆ, ಮುಚ್ಚಿದ್ದರೆ ಕೋಣೆ ತುಂಬುತ್ತದೆ. ಇದೂ ಹಾಗೇ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲವೂ ಮುಚ್ಚಿರುತ್ತದೆ. ಮನೆ, ಶಾಲೆ, ಬಸ್ಸು, ಬ್ಯಾಂಕು. ದೇವಿಮನೆ ಘಟ್ಟದಲ್ಲಿ ಮಳೆ ಹಿಡಿದಾಗ ಶಿರಸಿ–ಕುಮಟಾ ಬಸ್ಸಿನೊಳಗೆ ಕೂತವರಿಗೆ ಗೊತ್ತು. ಎಲ್ಲ ಗಾಜು ಬಂದ್, ಒಳಗೆಲ್ಲ ಒದ್ದೆ ಕೊಡೆಯ ವಾಸನೆ, ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮುತ್ತಿರುತ್ತಾರೆ. ಅದಕ್ಕೇ ನಮ್ಮ ಕಡೆ ಫ್ಲೂ ಮಳೆಗಾಲದಲ್ಲಿ ಜಾಸ್ತಿ. ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಸುತ್ತು ಬರುತ್ತದೆ. ಅಮೆರಿಕ, ಯುರೋಪಿನವರು ಚಳಿಗಾಲಕ್ಕೆ ಮೊದಲು ಲಸಿಕೆ ಹಾಕಿಸಿಕೊಂಡರೆ ನಾವು ಮಳೆಗಾಲಕ್ಕೆ ಮೊದಲು ಹಾಕಿಸಿಕೊಳ್ಳಬೇಕು. ಇಂಟರ್ನೆಟ್ಟಿನಲ್ಲಿ ‘ಅಕ್ಟೋಬರ್‌ನಲ್ಲಿ ಹಾಕಿಸಿ’ ಅಂತ ಓದಿ ಕಾಯುತ್ತಾ ಕೂತರೆ ನಮ್ಮ ಮಳೆಗಾಲವೇ ಮುಗಿದಿರುತ್ತದೆ.

ಹೆಜ್ಜೆ 1: ಮನೆಯವರ ಪಟ್ಟಿ ಮಾಡಿ

ಒಂದು ಕಾಗದದಲ್ಲಿ ಮನೆಯ ಎಲ್ಲರ ಹೆಸರು, ವಯಸ್ಸು, ಇರುವ ಕಾಯಿಲೆ ಬರೆಯಿರಿ. ಯಾರ ಹೆಸರಿಗೆ ಗುರುತು ಹಾಕಬೇಕು ಅಂದರೆ: 60 ದಾಟಿದವರು, 5 ವರ್ಷದೊಳಗಿನ ಮಕ್ಕಳು, ಬಸುರಿಯರು, ಸಕ್ಕರೆ ಕಾಯಿಲೆ, ದಮ್ಮು, ಹೃದಯ, ಕಿಡ್ನಿ ಅಥವಾ ಲಿವರ್ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ದಿನಾ ಸ್ಟಿರಾಯ್ಡ್ ಗುಳಿಗೆ ತೆಗೆದುಕೊಳ್ಳುವವರು. ಉಳಿದವರಿಗೆ ನಾಲ್ಕು ದಿನ ಹಾಸಿಗೆ ಹಿಡಿಸುವ ಜ್ವರ ಇವರನ್ನು ಆಸ್ಪತ್ರೆಗೆ ಸೇರಿಸಬಹುದು.

ಇನ್ನೂ ಒಂದು ಗುಂಪು ಇದೆ. 6 ತಿಂಗಳು ತುಂಬದ ಕೂಸುಗಳಿಗೆ ಫ್ಲೂ ಲಸಿಕೆ ಕೊಡುವುದಿಲ್ಲ. ಅಂಥ ಕೂಸು ಮನೆಯಲ್ಲಿದ್ದರೆ ಅದರ ಸುತ್ತ ಇರುವವರೆಲ್ಲ ಹಾಕಿಸಿಕೊಳ್ಳಬೇಕು. ಅಜ್ಜ, ಅಜ್ಜಿ, ಅಪ್ಪ, ಅಕ್ಕ ಎಲ್ಲ. ಬಾಣಂತಿ ಕೋಣೆಗೆ ಗಾಳಿ ಸೋಕಬಾರದು ಅಂತ ಬಾಗಿಲು ಹಾಕಿ, ಅದೇ ಕೋಣೆಗೆ ಊರವರೆಲ್ಲ ಬಂದು ಕೂಸನ್ನು ಎತ್ತಿ ಮುದ್ದಾಡಿ ಹೋಗುವುದು ನಮ್ಮಲ್ಲಿ ಮಾಮೂಲು. ತಿರುಗಾಮುರುಗಾ ಆಯಿತು ಇದು. ಗಾಳಿ ಬರಲಿ, ಕೆಮ್ಮುವವರು ಬರುವುದು ಬೇಡ.

ಹೆಜ್ಜೆ 2: ಫ್ಲೂ ಲಸಿಕೆ, ಮೇ ಮುಗಿಯುವುದರೊಳಗೆ

ಫ್ಲೂ ವೈರಸ್ ವರ್ಷ ವರ್ಷ ವೇಷ ಬದಲಿಸುತ್ತದೆ. ಹಾಗಾಗಿ ಲಸಿಕೆಯೂ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರುವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಮುಂದಿನ ಲಸಿಕೆಯಲ್ಲಿ ಯಾವ ತಳಿಗಳು ಇರಬೇಕು ಅಂತ ಹೇಳುತ್ತದೆ. ಸೆಪ್ಟೆಂಬರ್‌ನಲ್ಲಿ ಹೇಳಿದ್ದು ದಕ್ಷಿಣ ಗೋಳಾರ್ಧದ ಲಸಿಕೆ. ಅದು ನಮ್ಮ ಮಳೆಗಾಲಕ್ಕೆ ಮೊದಲು ಕೈಗೆ ಸಿಗುತ್ತದೆ. ಡಬ್ಬಿಯ ಮೇಲೆ ಯಾವ ವರ್ಷದ್ದು, ಯಾವ ಗೋಳಾರ್ಧದ್ದು ಅಂತ ಅಚ್ಚು ಹಾಕಿರುತ್ತಾರೆ. ಮೇ ತಿಂಗಳಲ್ಲಿ ಹೋದಾಗ ಆ ವರ್ಷದ ದಕ್ಷಿಣ ಗೋಳಾರ್ಧದ್ದು ಇದೆಯಾ ಅಂತ ಕೇಳಿ. ಹೋದ ವರ್ಷದ ಉಳಿಕೆ ಬೇಡ.

ಈಗಿನ ಲಸಿಕೆಗಳಲ್ಲಿ ಎಚ್1ಎನ್1, ಎಚ್3ಎನ್2 ಎಂಬ ಎರಡು ಎ ಗುಂಪಿನ ತಳಿಗಳು, ಬಿ ವಿಕ್ಟೋರಿಯಾ ಎಂಬ ಇನ್ನೊಂದು ಇರುತ್ತವೆ. ಮೊದಲು ನಾಲ್ಕನೆಯದಾಗಿ ಬಿ ಯಮಗಾಟ ಅನ್ನುವುದೂ ಇತ್ತು. 2020ರ ಮಾರ್ಚ್ ನಂತರ ಅದು ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಕಂಡಿಲ್ಲ. ಕೊರೋನಾ ಕಾಲದಲ್ಲಿ ಜನ ಮನೆಯಲ್ಲಿ ಕೂತಿದ್ದಕ್ಕೆ ಒಂದು ತಳಿಯೇ ಅಳಿದುಹೋಯಿತೋ ಏನೋ. ಹಾಗಾಗಿ ‘ಮೂರು ತಳಿಯದ್ದು ಮಾತ್ರ ಇದೆ’ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಅದೇ ಸಾಕು.

ಸರ್ಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ಇದು ಇಲ್ಲ. ದುಡ್ಡು ಕೊಟ್ಟೇ ಹಾಕಿಸಬೇಕು. ಮಕ್ಕಳ ಡಾಕ್ಟರ ಬಳಿ, ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಸಣ್ಣ ಊರಿನಲ್ಲಿ ಮೊದಲೇ ಹೇಳಿದರೆ ತರಿಸಿಕೊಡುತ್ತಾರೆ. ಫೋನ್ ಮಾಡಿ ದರ ಕೇಳಿ, ಯಾವ ದಿನ ಬರುತ್ತದೆ ಅಂತ ತಿಳಿದುಕೊಂಡು ಹೋಗಿ. ಘಟ್ಟ ಇಳಿದು ಬಂದು ‘ಖಾಲಿ’ ಅನ್ನಿಸಿಕೊಂಡು ವಾಪಸ್ ಹೋಗುವ ತಾಪತ್ರಯ ತಪ್ಪುತ್ತದೆ.

ಔಷಧಿ ಅಂಗಡಿಯಲ್ಲಿ ಕೊಂಡು ಬೇರೆ ಕಡೆ ಹಾಕಿಸುವುದಾದರೆ ಒಂದು ವಿಷಯ. ಈ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯಲ್ಲಿಟ್ಟರೆ ಹಾಳು. ಫ್ರೀಜರಿಗೆ ಹಾಕಿ ಹೆಪ್ಪುಗಟ್ಟಿಸಿದರೂ ಹಾಳು. ಐಸಿನ ಮೇಲೆ ನೇರ ಇಟ್ಟರೂ ಹೆಪ್ಪುಗಟ್ಟಬಹುದು. ನಾವು ಮೊದಲ ಸಲ ತಂದಾಗ ಅಂಗಡಿಯವರು ಥರ್ಮಾಕೋಲ್ ಡಬ್ಬಿಯಲ್ಲಿ ಜೆಲ್ ಪ್ಯಾಕ್ ಇಟ್ಟು, ಅದರ ಮೇಲೆ ದಪ್ಪ ರಟ್ಟು ಹಾಕಿ, ಆಮೇಲೆ ಲಸಿಕೆ ಡಬ್ಬಿ ಇಟ್ಟುಕೊಟ್ಟರು. ‘ಸೀದಾ ಡಾಕ್ಟರ ಹತ್ತಿರ, ನಡುವೆ ಚಾ ಕುಡಿಯುತ್ತಾ ನಿಲ್ಲಬೇಡಿ’ ಅಂದರು. ಲಸಿಕೆ ಇಟ್ಟಿರುವ ಕಡೆಯಲ್ಲೇ ಹಾಕಿಸಿಕೊಂಡರೆ ಈ ರಗಳೆಯೇ ಇಲ್ಲ.

ಮಕ್ಕಳಿಗೆ 6 ತಿಂಗಳು ತುಂಬಿದ ಮೇಲೆ ಕೊಡಬಹುದು. 9 ವರ್ಷದೊಳಗಿನ ಮಗು ಮೊದಲ ಬಾರಿಗೆ ಹಾಕಿಸಿಕೊಳ್ಳುತ್ತಿದ್ದರೆ 4 ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ಮುಂದಿನ ವರ್ಷದಿಂದ ಒಂದೇ. ಎರಡನೇ ಡೋಸ್ ಮರೆಯುವವರೇ ಹೆಚ್ಚು. ಮಗುವಿನ ಮೊದಲ ವರ್ಷವಾದರೆ ಏಪ್ರಿಲ್‌ನಲ್ಲೇ ಶುರು ಮಾಡಿ. ಬಸುರಿಯರು ಯಾವ ತಿಂಗಳಲ್ಲಾದರೂ ಹಾಕಿಸಿಕೊಳ್ಳಬಹುದು. ತಾಯಿಯ ರಕ್ಷಣೆ ಹುಟ್ಟಿದ ಕೂಸಿಗೂ ಮೊದಲ ಕೆಲವು ತಿಂಗಳು ಸಿಗುತ್ತದೆ.

ಲಸಿಕೆ ಹಾಕಿದ ಮೇಲೆ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಮೇ ಮಧ್ಯದಲ್ಲಿ ಹಾಕಿಸಿದರೆ ಮೊದಲ ಮಳೆ ಹೊತ್ತಿಗೆ ಸರಿಹೋಗುತ್ತದೆ. ತಪ್ಪಿಹೋಯಿತು ಅಂತ ಬಿಡಬೇಡಿ, ಜುಲೈನಲ್ಲಿ ಹಾಕಿಸಿದರೂ ಲಾಭವೇ. ಕಾರವಾರದ ಬೈತಖೋಲ ಬಂದರಿನಿಂದ ಹೋಗುವ ಬೋಟಿನವರಿಗಂತೂ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಮನೆಯಲ್ಲೇ ಇರುತ್ತಾರೆ. ಆಗಸ್ಟ್‌ನಲ್ಲಿ ಸಣ್ಣ ಕ್ಯಾಬಿನ್ನಿನಲ್ಲಿ ಮೈಗೆ ಮೈ ತಾಗಿಸಿ ಮಲಗುವ ಮೊದಲು ಹಾಕಿಸಿಕೊಳ್ಳಲು ಇದಕ್ಕಿಂತ ಒಳ್ಳೆ ಸಮಯ ಇಲ್ಲ. ದಡದಿಂದ ದೂರ ಇರುವಾಗ ಒಬ್ಬನಿಗೆ ಜ್ವರ ಬಂದರೆ ಇಡೀ ತಂಡಕ್ಕೆ ಬಂದ ಹಾಗೆ.

‘ಲಸಿಕೆ ಹಾಕಿಸಿಕೊಂಡ ಮೇಲೇ ಜ್ವರ ಬಂತು’ ಅನ್ನುವವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಚುಚ್ಚುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದ ಫ್ಲೂ ಬರಲು ಸಾಧ್ಯವಿಲ್ಲ. ತೋಳು ನೋವು, ಸ್ವಲ್ಪ ಮೈ ಬೆಚ್ಚಗಾಗುವುದು ಒಂದೆರಡು ದಿನ ಇರಬಹುದು. ಹಾಗಂತ ಇದು ಪೂರ್ತಿ ಕವಚವೂ ಅಲ್ಲ. ತಳಿ ಸರಿಯಾಗಿ ಹೊಂದಿಕೆಯಾದ ವರ್ಷ ಫ್ಲೂನಿಂದ ಡಾಕ್ಟರ ಬಳಿ ಹೋಗುವ ಸಾಧ್ಯತೆಯನ್ನು ನೂರಕ್ಕೆ 40ರಿಂದ 60ರಷ್ಟು ಇಳಿಸುತ್ತದೆ. ಬಂದರೂ ಆಸ್ಪತ್ರೆ ಸೇರುವಷ್ಟು ಜೋರಾಗುವುದು ಕಡಿಮೆ. ಆಯಿಗೆ ಹೋದ ವರ್ಷವೂ ಜ್ವರ ಬಂತು. ಮೂರು ದಿನ ಗಂಜಿ ಕುಡಿದು ಎದ್ದಳು.

ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಜೋರು ಜ್ವರ ಇದ್ದರೆ ಮುಂದೂಡಿ. ಬರೀ ಮೂಗು ಸೋರುತ್ತಿದ್ದರೆ ಮುಂದೂಡುವ ಅಗತ್ಯ ಇಲ್ಲ. ಹಿಂದೆ ಯಾವುದೇ ಲಸಿಕೆಗೆ ಮುಖ ಊದಿ ಉಸಿರು ಕಟ್ಟಿದ್ದರೆ ಮೊದಲೇ ಹೇಳಿ.

ಹೆಜ್ಜೆ 3: ಉಳಿದ ಲಸಿಕೆಗಳು

ಮಕ್ಕಳ ಲಸಿಕೆಗಳು ಉಚಿತ. ಅಂಗನವಾಡಿಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಹಾಕುತ್ತಾರೆ, ನಮ್ಮ ರಾಜ್ಯದಲ್ಲಿ ಹೆಚ್ಚಿನ ಕಡೆ ಗುರುವಾರ. ತಾಯಿ ಕಾರ್ಡ್ ತೆಗೆದು ನೋಡಿ. ನ್ಯುಮೋನಿಯಾ ತಡೆಯುವ ಪಿಸಿವಿ 6 ವಾರ, 14 ವಾರ ಮತ್ತು 9 ತಿಂಗಳಿಗೆ ಆಗಿರಬೇಕು. ನಾಯಿಕೆಮ್ಮು, ಗಂಟಲಮಾರಿ ಸೇರಿ ಐದು ರೋಗ ತಡೆಯುವ ಪೆಂಟಾ 6, 10, 14 ವಾರಕ್ಕೆ. ದಡಾರದ ಎಂಆರ್ ಲಸಿಕೆ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು. ದಡಾರವೂ ಗಾಳಿಯಲ್ಲೇ ಹರಡುವ ವೈರಸ್, ಫ್ಲೂಗಿಂತ ಎಷ್ಟೋ ವೇಗವಾಗಿ. ‘ಅಮ್ಮ ಆಗಿದ್ದಾಳೆ’ ಅಂತ ಬೇವಿನ ಸೊಪ್ಪು ಕಟ್ಟಿ ಸುಮ್ಮನಾಗುವ ಕಾಲ ಹೋಯಿತು. ಒಂದು ಡೋಸ್ ತಪ್ಪಿದ್ದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಬೈಯುತ್ತಾರೆ ಅಂತ ಹೆದರಿ ಹೋಗದೆ ಇರಬೇಡಿ.

ವಯಸ್ಸಾದವರಿಗೆ ನ್ಯುಮೋಕಾಕಲ್ ಲಸಿಕೆ ಬಗ್ಗೆ ಕೇಳಿ. ಅದು ವೈರಸ್ಸಿಗೆ ಅಲ್ಲ, ಬ್ಯಾಕ್ಟೀರಿಯಾಕ್ಕೆ. ಆದರೆ ಫ್ಲೂ ಶ್ವಾಸಕೋಶದ ಒಳಪದರ ಕೆಡಿಸಿದ ಮೇಲೆ ಆ ಬಾಗಿಲಿನಿಂದ ಒಳಗೆ ಬರುವುದು ಇದೇ. ಆಯಿಗೆ ಆದದ್ದೂ ಅದೇ ಅಂತ ಡಾಕ್ಟರ್ ಹೇಳಿದರು. ಈ ಲಸಿಕೆಯನ್ನು ವರ್ಷ ವರ್ಷ ಹಾಕಿಸಬೇಕಿಲ್ಲ.

ಕೊರೋನಾ ಲಸಿಕೆ 2021ರ ಜನವರಿ 16ಕ್ಕೆ ನಮ್ಮ ದೇಶದಲ್ಲಿ ಶುರುವಾದಾಗ ಸಾಲು ನಿಂತದ್ದು ನೆನಪಿದೆ ಅಲ್ವಾ? ಈಗ ಬೂಸ್ಟರ್ ಬೇಕಾ ಅನ್ನುವುದು ವಯಸ್ಸು, ಕಾಯಿಲೆ ನೋಡಿ ಡಾಕ್ಟರ್ ಹೇಳಬೇಕಾದ ಮಾತು. ಇನ್ನು ಬರೀ ಶೀತ, ಮೂಗು ಸೋರುವುದಕ್ಕೆ ಲಸಿಕೆಯೇ ಇಲ್ಲ. ಅದಕ್ಕೆ ಹೆಚ್ಚಾಗಿ ಕಾರಣವಾಗುವ ರೈನೋವೈರಸ್ಸಿನಲ್ಲೇ 150ಕ್ಕೂ ಹೆಚ್ಚು ಬಗೆ ಇವೆ. ಎಷ್ಟಕ್ಕೆ ಅಂತ ಚುಚ್ಚುವುದು!

ಹೆಜ್ಜೆ 4: ಮನೆಗೆ ಗಾಳಿಯ ದಾರಿ

ನಮ್ಮ ಕಡೆ ಮಳೆ ಸಮುದ್ರದ ಕಡೆಯಿಂದ, ಪಶ್ಚಿಮ ಮತ್ತು ನೈಋತ್ಯದಿಂದ ಹೊಡೆಯುತ್ತದೆ. ಆದರೆ ನಾವು ನಾಲ್ಕೂ ದಿಕ್ಕಿನ ಕಿಟಕಿ ಮುಚ್ಚಿಬಿಡುತ್ತೇವೆ. ಪೂರ್ವದ ಕಿಟಕಿಗೆ ಎರಚಲು ಬರುವುದು ಅಪರೂಪ. ಈ ಮಳೆಗಾಲ ಒಮ್ಮೆ ಪರೀಕ್ಷೆ ಮಾಡಿ ನೋಡಿ. ಜೋರು ಮಳೆಯಲ್ಲಿ ಒಂದೊಂದೇ ಕಿಟಕಿ ತೆರೆದು ಕೆಳಗೆ ಹಳೇ ಪೇಪರ್ ಹಾಸಿ. ಅರ್ಧ ಗಂಟೆ ಬಿಟ್ಟೂ ಪೇಪರ್ ಒಣಗಿಯೇ ಇದ್ದರೆ ಆ ಕಿಟಕಿ ಮಳೆಗಾಲ ಪೂರ್ತಿ ತೆರೆದಿರಲಿ. ನಮ್ಮ ಮನೆಯಲ್ಲಿ ಆರರಲ್ಲಿ ಮೂರು ಪಾಸಾದವು. ಸೊಳ್ಳೆಗೆ ಜಾಲರಿ ಹಾಕಿಸಿ, ಡೆಂಗಿ ಬೇರೆ ಇದೆಯಲ್ಲ.

ಗಾಳಿ ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು, ಎರಡು ದಾರಿ ಬೇಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ ಕೋಣೆಯ ಕಿಟಕಿ ತೆರೆದರೆ ಇಡೀ ಮನೆಯ ಗಾಳಿ ಬದಲಾಗುತ್ತದೆ. ಬರೀ ಸೀಲಿಂಗ್ ಫ್ಯಾನ್ ಹಾಕಿದರೆ ಇದ್ದ ಗಾಳಿಯೇ ಸುತ್ತುತ್ತದೆ. ಎಸಿಯೂ ಅಷ್ಟೇ. ಮಳೆ ಬಿಟ್ಟ ಹೊಳವಿನಲ್ಲಿ, ಹತ್ತು ನಿಮಿಷವಾದರೂ ಸರಿ, ಎಲ್ಲ ಬಾಗಿಲು ತೆರೆಯಿರಿ.

ಬಚ್ಚಲ ಒಲೆಗೆ ಹಸಿ ಕಟ್ಟಿಗೆ ಹಾಕಿದರೆ ಹೊಗೆ ಮನೆಯೆಲ್ಲ ಸುತ್ತುತ್ತದೆ. ಆ ಹೊಗೆ ಮಕ್ಕಳ, ಮುದುಕರ ಗಂಟಲು, ಶ್ವಾಸನಾಳ ಕೆರಳಿಸಿ ಸೋಂಕಿಗೆ ದಾರಿ ಮಾಡುತ್ತದೆ. ಕಟ್ಟಿಗೆ ಮೇ ತಿಂಗಳಲ್ಲೇ ಒಣಗಿಸಿ ಒಳಗೆ ಹಾಕಿ ಅನ್ನುವ ಹಿರಿಯರ ಮಾತಿಗೆ ಇದೂ ಒಂದು ಕಾರಣವಾಗಿ ಸೇರಲಿ.

ಹೆಜ್ಜೆ 5: ಬಸ್ಸು, ಚೌತಿ, ಜಾತ್ರೆ

ಮಾಸ್ಕ್ ಇಡೀ ದಿನ ಹಾಕಿ ಅಂತ ಯಾರೂ ಹೇಳುತ್ತಿಲ್ಲ. ಮುಚ್ಚಿದ ಜಾಗ, ಜಾಸ್ತಿ ಜನ, ಜಾಸ್ತಿ ಹೊತ್ತು. ಈ ಮೂರೂ ಸೇರಿದಲ್ಲಿ ಹಾಕಿ. ಮಳೆಗಾಲದ ಬಸ್ಸು, ಆಸ್ಪತ್ರೆಯ ಹೊರರೋಗಿ ವಿಭಾಗ, ಮದುವೆ ಹಾಲ್. ಕಾರವಾರದ ಕಡಲ ತೀರದಲ್ಲಿ ತಿರುಗಾಡುವಾಗ ಬೇಕಿಲ್ಲ. ಗದ್ದೆಯಲ್ಲಿ ನಡೆಯುವ ಬಯಲಾಟಕ್ಕೆ ಎಂಟು ದಿಕ್ಕೂ ಬಾಗಿಲೇ, ಅಲ್ಲಿ ಚಿಂತೆ ಕಡಿಮೆ. ಅದೇ ಆಟ ಮಳೆಗಾಲದಲ್ಲಿ ಸಭಾಭವನದೊಳಗೆ ನಡೆದರೆ ಲೆಕ್ಕ ಬೇರೆ.

ಎನ್95 ಮಾಸ್ಕ್ ಒಳ್ಳೆಯದು, ಸರಿಯಾಗಿ ಕೂತರೆ. ಮೂಗಿನ ಮೇಲಿನ ತಂತಿ ಒತ್ತಿ, ಜೋರಾಗಿ ಉಸಿರು ಬಿಡಿ. ಕನ್ನಡಕಕ್ಕೆ ಮಂಜು ಹಿಡಿದರೆ ಮೇಲಿನಿಂದ ಗಾಳಿ ಸೋರುತ್ತಿದೆ ಅಂತ ಅರ್ಥ. ಗಡ್ಡ ಇದ್ದರೆ ಬದಿಯಿಂದ ಸೋರುತ್ತದೆ. ಒದ್ದೆಯಾದ ಮಾಸ್ಕ್ ಕೆಲಸಕ್ಕೆ ಬಾರದು. ನಮ್ಮ ಮಳೆಯಲ್ಲಿ ಇದೇ ದೊಡ್ಡ ತಲೆನೋವು. ಕಾಗದದ ಕವರಿನಲ್ಲಿ ಇನ್ನೊಂದು ಒಣ ಮಾಸ್ಕ್ ಚೀಲದಲ್ಲಿಡಿ. ಬಸ್ಸಿನಲ್ಲಿ ಎರಚಲು ಬಾರದ ಬದಿಯ ಸೀಟು ಹಿಡಿದು ಗಾಜು ಎರಡು ಬೆರಳಿನಷ್ಟು ಸರಿಸಿ. ಪಕ್ಕದವರು ಗೊಣಗಬಹುದು. ಗೊಣಗಲಿ.

ಚೌತಿಯ ವಿಷಯ ಸ್ವಲ್ಪ ಸೂಕ್ಷ್ಮ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮುಂಬೈ, ಗೋವಾ, ಬೆಂಗಳೂರಿನಿಂದ ಎಲ್ಲರೂ ಮನೆಗೆ ಬರುತ್ತಾರೆ. ಒಂದೇ ಹಾಲಿನಲ್ಲಿ ಹದಿನೈದು ಜನ ಮಲಗುತ್ತಾರೆ. ಫ್ಲೂ ಓಡಾಡುವ ಕಾಲವೂ ಅದೇ. ಬೇಡ ಅನ್ನಲು ಆಗುತ್ತದಾ? ಇಲ್ಲ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ವಾರ ಮೊದಲೇ ಒಂದು ಸಾಲು ಹಾಕಿ: ಜ್ವರ ಇರುವವರು ಹಬ್ಬದ ದಿನ ಬರುವುದು ಬೇಡ, ಗುಣವಾದ ಮೇಲೆ ಬನ್ನಿ, ಪಂಚಕಜ್ಜಾಯ ಎತ್ತಿಟ್ಟಿರುತ್ತೇವೆ. ನಮ್ಮ ಭಾವ ಹೋದ ವರ್ಷ ಹಾಗೇ ಮಾಡಿದರು. ಮೊದಲು ಎಲ್ಲರಿಗೂ ಕಸಿವಿಸಿ ಆಯಿತು, ಆಮೇಲೆ ಯಾರೂ ಏನೂ ಅನ್ನಲಿಲ್ಲ. ವಯಸ್ಸಾದವರ ಹಾಸಿಗೆ ಜನ ತುಂಬಿದ ಹಾಲಿನಲ್ಲಿ ಬೇಡ, ಗಾಳಿ ಬರುವ ಕೋಣೆಯಲ್ಲಿ ಹಾಕಿ.

ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರುವರಿ–ಮಾರ್ಚ್ ಹೊತ್ತಿಗೆ ಬರುತ್ತದೆ. ಫ್ಲೂನ ಎರಡನೇ ಸುತ್ತಿನ ಕಾಲವೂ ಅದೇ. ಬಯಲಿನ ಅಂಗಡಿ ಸಾಲಿಗಿಂತ ದರ್ಶನದ ಸಾಲಿನಲ್ಲಿ ಮಾಸ್ಕ್ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಬಸುರಿಯರು, ವಯಸ್ಸಾದವರು ಬೆಳಿಗ್ಗೆ ಜನ ಕಡಿಮೆ ಇರುವಾಗ ಹೋಗಿ ಬರಲಿ.

ಹೆಜ್ಜೆ 6: ಕೈ

ಚಿಕ್ಕ ವಿಷಯ. ಹೊರಗಿನಿಂದ ಬಂದ ಮೇಲೆ, ಊಟಕ್ಕೆ ಮೊದಲು, ಮೂಗು ಸೀಟಿದ ಮೇಲೆ ಸೋಪು ಹಾಕಿ 20 ಸೆಕೆಂಡ್ ಉಜ್ಜಿ. ಫ್ಲೂ, ಕೊರೋನಾ ವೈರಸ್ಸುಗಳ ಹೊರಪದರ ಕೊಬ್ಬಿನದ್ದು. ಬಂಗುಡೆ ಕರಿದ ಬಾಣಲೆಯ ಜಿಡ್ಡು ಹೇಗೆ ಸೋಪಿಗೆ ಬಿಡುತ್ತದೋ ಹಾಗೆ ಇದೂ ಕರಗುತ್ತದೆ. ಸ್ಯಾನಿಟೈಸರ್ ಆದರೆ ಆಲ್ಕೋಹಾಲ್ 60 ಶೇಕಡಾಕ್ಕಿಂತ ಹೆಚ್ಚಿರಲಿ. ಕೆಮ್ಮು ಬಂದರೆ ಅಂಗೈಗೆ ಬೇಡ, ಮೊಣಕೈ ಮಡಿಕೆಗೆ ಕೆಮ್ಮಿ.

ಹೆಜ್ಜೆ 7: ಜ್ವರ ಬಂದೇ ಬಂದರೆ

ಫ್ಲೂ ತಗುಲಿ 1ರಿಂದ 4 ದಿನದಲ್ಲಿ ಲಕ್ಷಣ ಕಾಣುತ್ತದೆ. ಲಕ್ಷಣ ಕಾಣುವ ಒಂದು ದಿನ ಮೊದಲೇ ಹರಡಲು ಶುರು, ಆಮೇಲೆ 5ರಿಂದ 7 ದಿನ. ಮಕ್ಕಳು ಇನ್ನೂ ಹೆಚ್ಚು ದಿನ ಹರಡಬಹುದು. ಹಾಗಾಗಿ ಜ್ವರ ಬಂದ ದಿನವೇ ಬೇರೆ ಕೋಣೆ. ಬೇರೆ ಕೋಣೆ ಇಲ್ಲದಿದ್ದರೆ ಕಿಟಕಿ ಪಕ್ಕ ಹಾಸಿಗೆ, ಉಳಿದವರು ಆರು ಅಡಿ ದೂರ, ತಲೆಗೆ ತಲೆ ಬಾರದ ಹಾಗೆ ಮಲಗಿ. ನೋಡಿಕೊಳ್ಳಲು ಒಬ್ಬರೇ ಇರಲಿ, ಅವರು ಪಟ್ಟಿಯಲ್ಲಿ ಗುರುತು ಬಿದ್ದವರು ಆಗದಿರಲಿ. ಅವರು ಒಳಗೆ ಹೋಗುವಾಗ ಇಬ್ಬರೂ ಮಾಸ್ಕ್ ಹಾಕಿ. ಟವೆಲ್ ಬೇರೆ, ಲೋಟ ಬೇರೆ.

ಮೊದಲ ದಿನವೇ ಡಾಕ್ಟರ ಬಳಿ ಹೋಗಬೇಕಾದವರು ಪಟ್ಟಿಯಲ್ಲಿ ಗುರುತು ಹಾಕಿದವರು. ಫ್ಲೂಗೆ ಓಸೆಲ್ಟಾಮಿವಿರ್ ಎಂಬ ಔಷಧಿ ಇದೆ. ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಲಾಭ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡದು. ಆಯಿಗೆ ಆ ಐದು ಗುಳಿಗೆ ಕೊಟ್ಟು ನಾವು ಕಳೆದುಕೊಂಡದ್ದು ಆ 48 ಗಂಟೆಯನ್ನೇ.

ಎಲ್ಲ ಜ್ವರವೂ ಫ್ಲೂ ಅಲ್ಲ, ನಮ್ಮ ಜಿಲ್ಲೆಯಲ್ಲಂತೂ ಅಲ್ಲ. ಮಳೆಗಾಲದಲ್ಲಿ ಡೆಂಗಿ, ಗದ್ದೆ ಕೆಲಸದವರಿಗೆ ಇಲಿಜ್ವರ. ಬೇಸಿಗೆಯಲ್ಲಿ ಸಿದ್ದಾಪುರ, ಹೊನ್ನಾವರದ ಕಾಡಂಚಿನವರಿಗೆ ಮಂಗನ ಕಾಯಿಲೆ. ಅದನ್ನು 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು. ಉಣುಗು ಕಚ್ಚುವುದರಿಂದ ಬರುತ್ತದೆ, ಕೆಮ್ಮಿನಿಂದ ಹರಡುವುದಿಲ್ಲ. ಮೂಗು ಸೋರದೆ, ಕೆಮ್ಮಿಲ್ಲದೆ ಬರೀ ಜೋರು ಜ್ವರ, ತಲೆನೋವು, ಮೈಕೈ ನೋವು ಇದ್ದರೆ ಮನೆಮದ್ದು ಬೇಡ. ದರಕಿಗೆ (ಉದುರಿದ ಒಣ ಎಲೆಗೆ), ಸೊಪ್ಪಿಗೆ ಬೆಟ್ಟಕ್ಕೆ ಹೋಗಿದ್ದರೆ ಅದನ್ನು ಡಾಕ್ಟರಿಗೆ ಹೇಳಿ.

ಇದೇ ಕಾರಣಕ್ಕೆ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಬ್ರೂಫೆನ್, ಆಸ್ಪಿರಿನ್ ಬೇಡ. ಡೆಂಗಿ ಆಗಿದ್ದರೆ ರಕ್ತಸ್ರಾವ ಹೆಚ್ಚಬಹುದು. ಹೃದಯಕ್ಕೆ ಅಂತ ಡಾಕ್ಟರ್ ಬರೆದ ಆಸ್ಪಿರಿನ್ ದಿನಾ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ ಕೇಳಿ. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ, 6 ಗಂಟೆ ಅಂತರ, ದಿನಕ್ಕೆ 4 ಸಲ ಮೀರಬಾರದು. ಮಕ್ಕಳಿಗೆ ತೂಕ ನೋಡಿ: ಕೆಜಿಗೆ 15 ಮಿಲಿಗ್ರಾಂ. ಇಲ್ಲೇ ಎಡವುವುದು. 10 ಕೆಜಿ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ. ಬಾಟಲಿಯಲ್ಲಿ ‘5 ಎಂಎಲ್‌ಗೆ 125’ ಅಂತ ಇದ್ದರೆ 6 ಎಂಎಲ್, ‘5 ಎಂಎಲ್‌ಗೆ 250’ ಅಂತ ಇದ್ದರೆ 3 ಎಂಎಲ್. ಬಾಟಲಿ ನೋಡಲು ಒಂದೇ ಥರ ಇರುತ್ತದೆ. ‘ಹೋದ ಸಲ ಒಂದು ಮುಚ್ಚಳ ಹಾಕಿದ್ದೆ’ ಅನ್ನುವ ಲೆಕ್ಕ ಬೇಡ. 3 ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಲೆಕ್ಕವೂ ಬೇಡ, ಸೀದಾ ಡಾಕ್ಟರ ಹತ್ತಿರ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ ಬೇಡವೇ ಬೇಡ.

ಮತ್ತೆ ಕಷಾಯ? ಕುಡಿಯಿರಿ. ಜೀರಿಗೆ, ಕೊತ್ತಂಬರಿ, ಕಾಳುಮೆಣಸಿನ ಬಿಸಿ ಕಷಾಯ ಗಂಟಲಿಗೆ ಹಿತ, ನೀರೂ ಮೈಗೆ ಸೇರುತ್ತದೆ. ವೈರಸ್ ಕೊಲ್ಲುವುದಿಲ್ಲ ಅಷ್ಟೇ. ಗಂಜಿ, ತಂಬುಳಿ, ಎಳನೀರು ಎಲ್ಲ ಸರಿ. ಕಿಡ್ನಿ ತೊಂದರೆ ಇರುವವರು ಎಳನೀರಿಗೆ ಮೊದಲು ಕೇಳಿಕೊಳ್ಳಿ. ಒಂದು ವರ್ಷದೊಳಗಿನ ಮಕ್ಕಳ ಬಾಯಿಗೆ ಜೇನು ಬೇಡ. ಕುದಿಯುವ ನೀರಿನ ಪಾತ್ರೆ ಇಟ್ಟು ಮಕ್ಕಳಿಗೆ ಹಬೆ ಕೊಡುವುದಂತೂ ಬಿಟ್ಟೇಬಿಡಿ. ಪಾತ್ರೆ ಮಗುಚಿದರೆ ಥಂಡಿಗಿಂತ ದೊಡ್ಡ ಅನಾಹುತ.

ಪ್ಯಾರಾಸಿಟಮಾಲ್ ಇಲ್ಲದೆಯೇ 24 ಗಂಟೆ ಜ್ವರ ಬಾರದಿದ್ದರೆ ಶಾಲೆ, ಕೆಲಸಕ್ಕೆ ಹೋಗಬಹುದು. ಬೆಳಿಗ್ಗೆ ಗುಳಿಗೆ ಕೊಟ್ಟು ಜ್ವರ ಇಳಿಸಿ ಶಾಲೆ ವ್ಯಾನ್ ಹತ್ತಿಸುವುದು ನಾವೆಲ್ಲ ಮಾಡಿದ ತಪ್ಪೇ. ಮಧ್ಯಾಹ್ನದ ಹೊತ್ತಿಗೆ ಇಡೀ ತರಗತಿಗೆ ಹಂಚಿರುತ್ತಾನೆ.

ಹೆಜ್ಜೆ 8: ಉಸಿರು ಎಣಿಸಲು ಕಲಿಯಿರಿ

ಇದನ್ನು ಆಶಾ ಕಾರ್ಯಕರ್ತೆ ನಮ್ಮ ಜಗುಲಿಯಲ್ಲಿ ಕೂತು ಕಲಿಸಿಕೊಟ್ಟರು. ಮಗು ಮಲಗಿರುವಾಗಲೋ ಸುಮ್ಮನೆ ತೊಡೆಯ ಮೇಲಿರುವಾಗಲೋ ಅಂಗಿ ಎತ್ತಿ ಹೊಟ್ಟೆ ನೋಡಿ. ಒಮ್ಮೆ ಉಬ್ಬಿ ಇಳಿದರೆ ಒಂದು. ಫೋನಿನಲ್ಲಿ ಟೈಮರ್ ಇಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಅಳುವಾಗ, ಹಾಲು ಕುಡಿಯುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. 2 ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷಕ್ಕೆ 40 ಅಥವಾ ಹೆಚ್ಚು ಬಂದರೆ ಆಸ್ಪತ್ರೆ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ ಎಣಿಸುತ್ತಾ ಕೂರಬೇಡಿ.

ದೊಡ್ಡವರಿಗೆ ಆಕ್ಸಿಮೀಟರ್, ಅಂದರೆ ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆ ಅಂತ ತೋರಿಸುವ ಸಣ್ಣ ಯಂತ್ರ, ಇದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಬೆರಳು ತಣ್ಣಗಿದ್ದರೆ ತಪ್ಪು ತೋರಿಸುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಮದರಂಗಿ ಇಲ್ಲದ ಬೆರಳು ಹಿಡಿದು, ಐದು ನಿಮಿಷ ಕೂತ ಮೇಲೆ ನೋಡಿ. ಅಂಕಿ ಒಂದೇ ಕಡೆ ನಿಲ್ಲುವವರೆಗೆ ಕಾಯಿರಿ. 94ಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ಫೋನ್, 90 ಅಥವಾ ಕೆಳಗೆ ಬಂದರೆ ತಕ್ಷಣ ಹೊರಡಿ. ಹಳೇ ದಮ್ಮಿನವರಿಗೆ ಮಾಮೂಲಿ ಅಂಕಿಯೇ ಕಡಿಮೆ ಇರಬಹುದು, ಆರಾಮಿದ್ದಾಗ ಎಷ್ಟಿರುತ್ತದೆ ಅಂತ ಬರೆದಿಡಿ. ಯಂತ್ರ ಇಲ್ಲದಿದ್ದರೂ ಆಯಿಯ ಹಾಗೆ ಮಾತು ನಡುವೆ ತುಂಡಾದರೆ, ತುಟಿ ನೀಲಿಯಾದರೆ, ಗೊಂದಲದ ಮಾತಾಡಿದರೆ, ಎದೆ ಹಿಡಿದರೆ, ಕಡಿಮೆಯಾದ ಜ್ವರ ಮತ್ತೆ ಜೋರಾಗಿ ಬಂದರೆ ತಡಮಾಡಬೇಡಿ.

108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ತಾಲೂಕುಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ನೆಟ್‌ವರ್ಕ್ ಸಿಗದ ಹಳ್ಳಿಯವರು ಮಳೆಗಾಲಕ್ಕೆ ಮೊದಲೇ ಎರಡು ವಿಷಯ ಗೊತ್ತು ಮಾಡಿಕೊಳ್ಳಿ: ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ, ರಾತ್ರಿ ಕರೆದರೆ ಬರುವ ಜೀಪು ಯಾರದ್ದು. ಹಳ್ಳ ತುಂಬಿ ಸಂಪರ್ಕ ತಪ್ಪುವ ಊರಾದರೆ ಗುರುತು ಹಾಕಿದವರಿಗೆ ಜ್ವರ ಬಂದ ದಿನವೇ ಪೇಟೆ ಕಡೆಯ ನೆಂಟರ ಮನೆಗೆ ಕರೆತರುವುದೂ ಒಂದು ದಾರಿ. ಒಂದು ತಿಂಗಳ ಬಿಪಿ, ಸಕ್ಕರೆ ಗುಳಿಗೆ, ಇನ್‌ಹೇಲರ್ ಮುಂಚೆಯೇ ತಂದಿಡಿ.

ಇನ್ನು ಲಸಿಕೆ ಚೀಟಿ. ಯಾವ ಲಸಿಕೆ, ಯಾವ ದಿನ, ಬ್ಯಾಚ್ ನಂಬರ್ ಅಂತ ಬರೆಸಿಕೊಂಡು ಫೋಟೋ ತೆಗೆದಿಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಆಯಿಗೆ ಫೋಟೋದ ಮೇಲೆ ನಂಬಿಕೆ ಇಲ್ಲ. ಚೀಟಿಯನ್ನು ಪಂಚಾಂಗದ ಒಳಗೆ, ವೈಶಾಖದ ಪುಟಕ್ಕೆ ಪಿನ್ ಹೊಡೆದು ಇಟ್ಟಿದ್ದಾಳೆ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಅದನ್ನು ಬಿಚ್ಚಿ ಹೊಸದರ ವೈಶಾಖಕ್ಕೆ ದಾಟಿಸುತ್ತಾಳೆ. ಈ ಸಲ ಅವಳೇ ಫೋನ್ ಮಾಡಿ ಕೇಳಿದಳು, ಲಸಿಕೆ ಬಂತಾ ಅಂತ.